ಕಾರ್-ಟಿ ಪೇಪರ್ ಓದುವ ಬಗೆ: ಶೇಕಡಾಕ್ಕಿಂತ ಮೊದಲು ಛೇದ ನೋಡಿ

ಮನೆಯವರೊಬ್ಬರ ರಕ್ತದ ಕ್ಯಾನ್ಸರ್‌ಗೆ ಕಾರ್-ಟಿ ಚಿಕಿತ್ಸೆ (ರೋಗಿಯದೇ ಟಿ ಕೋಶಗಳಿಗೆ ಹೊಸ ಜೀನ್ ಸೇರಿಸಿ ಕ್ಯಾನ್ಸರ್ ಮೇಲೆ ಬಿಡುವ ವಿಧಾನ) ಕೊಡಿಸಬಹುದೇ ಎಂದು ವಿಚಾರಿಸುತ್ತಿರುವವರು, ಹೆಮಟಾಲಜಿ ಓದುತ್ತಿರುವ ವಿದ್ಯಾರ್ಥಿಗಳು, ಆರೋಗ್ಯದ ಬಗ್ಗೆ ಬರೆಯುವ ಪತ್ರಕರ್ತರು, ಎಲ್ಲರೂ ಒಂದಲ್ಲ ಒಂದು ಹಂತದಲ್ಲಿ ಸುದ್ದಿ ಬಿಟ್ಟು ಮೂಲ ಪೇಪರ್ ತೆರೆಯಬೇಕಾಗುತ್ತದೆ. ಹುಡುಕಲು ಹೊರಟರೆ ಒಬ್ಬನೇ ಸಂಶೋಧಕನ ಹೆಸರಿನಲ್ಲಿ ನೂರಾರು ಪೇಪರ್ ಸಿಗುತ್ತವೆ. ಯಾವುದನ್ನು ಮೊದಲು ಓದಬೇಕು, ಅದರೊಳಗಿನ ಅಂಕಿಯಿಂದ ಎಷ್ಟು ಮಾತ್ರ ಹೇಳಬಹುದು ಎಂಬುದನ್ನು ಇಲ್ಲಿ ಒಂದೇ ಉದಾಹರಣೆ ಹಿಡಿದು ತೋರಿಸುತ್ತೇವೆ: ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕಾರ್ಲ್ ಜೂನ್ ಮತ್ತು ಅವರ ಜೊತೆಗಾರರು ಲ್ಯುಕೇಮಿಯಾದ ಮೇಲೆ ಮಾಡಿದ ಕೆಲಸ, ಮತ್ತು ಅದೇ ತಂತ್ರವನ್ನು ರೋಗನಿರೋಧಕ ವ್ಯವಸ್ಥೆಯೇ ಮೈಮೇಲೆ ತಿರುಗಿಬೀಳುವ ಲೂಪಸ್‌ನಂಥ ಕಾಯಿಲೆಗಳಿಗೆ ಒಯ್ದ ಜರ್ಮನಿಯ ಎರ್ಲಾಂಗೆನ್ ತಂಡದ ಕೆಲಸ.

ಚಿಕಿತ್ಸೆಯ ಹಂತಗಳು ಗೊತ್ತಿರಲಿ

ಹಂತಗಳು ಗೊತ್ತಿಲ್ಲದಿದ್ದರೆ ಪೇಪರಿನ ಕೋಷ್ಟಕಗಳು ಅರ್ಥವಾಗುವುದಿಲ್ಲ. ರೋಗಿಯ ರಕ್ತವನ್ನು ಅಫೆರೆಸಿಸ್ ಯಂತ್ರದಲ್ಲಿ ಹಾಯಿಸಿ ಬಿಳಿ ರಕ್ತಕಣಗಳನ್ನು ತೆಗೆಯುತ್ತಾರೆ. ಅದರಲ್ಲಿನ ಟಿ ಕೋಶಗಳನ್ನು ಪ್ರತಿಕಾಯ ಲೇಪಿಸಿದ ಸೂಕ್ಷ್ಮ ಮಣಿಗಳಿಂದ ಚುರುಕುಗೊಳಿಸಿ, ಲೆಂಟಿವೈರಸ್ ಮೂಲಕ ಹೊಸ ಜೀನ್ ಸೇರಿಸುತ್ತಾರೆ. ಆ ಜೀನ್‌ನಿಂದ ಕೋಶದ ಮೇಲೆ ಸಿಡಿ19 ಎಂಬ ಗುರುತನ್ನು ಹಿಡಿಯುವ ಕೃತಕ ಗ್ರಾಹಕ ಮೂಡುತ್ತದೆ. ಕೋಶಗಳನ್ನು ಬೆಳೆಸಿ, ಗುಣಮಟ್ಟ ಪರೀಕ್ಷಿಸಿ, ಶೈತ್ಯೀಕರಿಸಿ ಆಸ್ಪತ್ರೆಗೆ ಕಳಿಸುತ್ತಾರೆ. ರೋಗಿಗೆ ಫ್ಲುಡರಾಬಿನ್ ಮತ್ತು ಸೈಕ್ಲೊಫಾಸ್ಫಮೈಡ್ ಕೊಟ್ಟು ಇರುವ ಲಿಂಫೋಸೈಟ್‌ಗಳನ್ನು (ಟಿ, ಬಿ ಕೋಶಗಳಂಥ ಬಿಳಿ ರಕ್ತಕಣ) ತಗ್ಗಿಸಿ, ಆಮೇಲೆ ಈ ಕೋಶಗಳನ್ನು ಡ್ರಿಪ್‌ನಂತೆ ರಕ್ತನಾಳಕ್ಕೆ ಬಿಡುತ್ತಾರೆ.

ಸಿಡಿ19 ಕ್ಯಾನ್ಸರ್ ಆದ ಬಿ ಕೋಶದ ಮೇಲೂ ಇರುತ್ತದೆ, ಆರೋಗ್ಯವಾಗಿರುವ ಬಿ ಕೋಶದ ಮೇಲೂ ಇರುತ್ತದೆ. ಆದ್ದರಿಂದ ಎರಡೂ ಸಾಯುತ್ತವೆ. ಲ್ಯುಕೇಮಿಯಾದಲ್ಲಿ ಅಡ್ಡಪರಿಣಾಮ ಎನಿಸಿಕೊಳ್ಳುವ ಈ ಸಂಗತಿಯೇ ಲೂಪಸ್‌ನಲ್ಲಿ ಚಿಕಿತ್ಸೆಯ ಗುರಿ. ಅಲ್ಲಿ ಮೈಮೇಲೆಯೇ ತಿರುಗಿಬೀಳುವ ಪ್ರತಿಕಾಯಗಳ ಮೂಲ ಬಿ ಕೋಶಗಳ ವಂಶ.

ಸರಿಯಾದ ವ್ಯಕ್ತಿಯ ಸರಿಯಾದ ಪೇಪರ್ ಹುಡುಕುವುದು

ವೈದ್ಯಕೀಯ ಪೇಪರ್‌ಗಳನ್ನು ಹುಡುಕುವ ಪಬ್‌ಮೆಡ್ ಜಾಲತಾಣ ಉಚಿತ. ಮೊದಲ ಪುಟದ ಖಾಲಿ ಪೆಟ್ಟಿಗೆಯಲ್ಲಿ ಹೆಸರು ಹೊಡೆಯುವ ಬದಲು ಅಡ್ವಾನ್ಸ್ಡ್ ಸರ್ಚ್‌ಗೆ ಹೋಗಿ, ಕ್ಷೇತ್ರದ ಪಟ್ಟಿಯಲ್ಲಿ ಆಥರ್ ಆರಿಸಿ, ಮೊದಲು ಕುಟುಂಬದ ಹೆಸರು, ಆಮೇಲೆ ಚುಕ್ಕಿ ಇಲ್ಲದ ಇನಿಶಿಯಲ್ ಕೊಡಿ. ಕಾರ್ಲ್ ಜೂನ್ ಅವರಿಗೆ ಅದು ಜೂನ್, ಒಂದು ಖಾಲಿ ಜಾಗ, ಸಿ, ಎಚ್. ಕ್ಷೇತ್ರ ಆರಿಸದೆ ಜೂನ್ ಎಂದಷ್ಟೇ ಕೊಟ್ಟರೆ ಜೂನ್ ತಿಂಗಳಿನ ಉಲ್ಲೇಖವಿರುವ ಸಾರಾಂಶಗಳೂ ಬಂದು ಬೀಳುತ್ತವೆ. ನಮ್ಮ ಕಡೆಯ ಹೆಸರುಗಳಲ್ಲಿ ತೊಂದರೆ ಇನ್ನೊಂದು ಬಗೆಯದು. ಊರಿನ ಹೆಸರು, ತಂದೆಯ ಹೆಸರು ಇನಿಶಿಯಲ್ ಆಗಿ ಮುಂದೆ ಬರುವುದರಿಂದ ಒಬ್ಬರೇ ವೈದ್ಯರು ಎರಡು ಮೂರು ರೂಪಗಳಲ್ಲಿ ದಾಖಲಾಗಿರುತ್ತಾರೆ, ರಾವ್, ಶೆಟ್ಟಿ, ಕುಮಾರ್ ಎಂಬ ಹೆಸರಿನಲ್ಲಿ ಹತ್ತಾರು ಜನ ಬೆರೆತಿರುತ್ತಾರೆ. ಆಗ ಸಂಸ್ಥೆಯ ಹೆಸರನ್ನು ಅಫಿಲಿಯೇಶನ್ ಕ್ಷೇತ್ರದಲ್ಲಿ ಸೇರಿಸಿ. ಸಂಶೋಧಕರಿಗೆ 16 ಅಂಕಿಯ ಆರ್ಕಿಡ್ ಎಂಬ ಗುರುತಿನ ಸಂಖ್ಯೆ ಇದ್ದರೆ ಅದೇ ಭದ್ರ.

ಪಟ್ಟಿ ಬಂದ ಮೇಲೆ ಎಡಗಡೆಯ ಸೋಸುವ ಆಯ್ಕೆಗಳಲ್ಲಿ ಕ್ಲಿನಿಕಲ್ ಟ್ರಯಲ್ ಗುರುತು ಹಾಕಿ, ದಿನಾಂಕದ ಕ್ರಮಕ್ಕೆ ಬದಲಿಸಿ. ತಾನಾಗಿ ಬರುವುದು ಬೆಸ್ಟ್ ಮ್ಯಾಚ್ ಕ್ರಮ, ಅದರಲ್ಲಿ ಯಾವುದಾದ ಮೇಲೆ ಯಾವುದು ಎಂಬ ಕಥೆ ತಿಳಿಯುವುದಿಲ್ಲ. ಆ ಗುರುತು ಪ್ರತಿ ಪೇಪರಿಗೂ ಬಿದ್ದಿರುವುದಿಲ್ಲ, ಅದರಲ್ಲೂ ತೀರಾ ಹೊಸದಕ್ಕೆ. ಹಾಗಾಗಿ ಒಮ್ಮೆ ಗುರುತು ತೆಗೆದೂ ಕಣ್ಣಾಡಿಸಿ. ವಿಮರ್ಶಾ ಲೇಖನಗಳನ್ನು ಹಿನ್ನೆಲೆಗಾಗಿ ಒಂದೆರಡು ಓದಿದರೆ ಸಾಕು.

ಹೆಸರು ಎಲ್ಲಿದೆ ಎಂಬುದನ್ನೂ ನೋಡಿ. ವೈದ್ಯಕೀಯ ಪೇಪರಿನಲ್ಲಿ ಮೊದಲ ಹೆಸರು ಸಾಮಾನ್ಯವಾಗಿ ಕೆಲಸವನ್ನು ಹೊತ್ತವರದು, ಕೊನೆಯ ಹೆಸರು ಪ್ರಯೋಗಾಲಯದ ಅಥವಾ ಯೋಜನೆಯ ಹಿರಿಯರದು. 2011ರ ಮೊದಲ ಪೇಪರ್‌ಗಳಲ್ಲಿ ಜೂನ್ ಕೊನೆಯಲ್ಲಿದ್ದಾರೆ. 2018ರ ದೊಡ್ಡ ಪ್ರಯೋಗದಲ್ಲಿ ಅವರ ಹೆಸರು ಉದ್ದನೆಯ ಪಟ್ಟಿಯ ಮಧ್ಯೆ ಎಲ್ಲೋ ಇದೆ, ಮೊದಲ ಹೆಸರು ಶ್ಯಾನನ್ ಮಾಡ್, ಕೊನೆಯದು ಸ್ಟೀಫನ್ ಗ್ರುಪ್. "ಜೂನ್ ಅವರ ಪ್ರಯೋಗ" ಎಂದು ಬರೆಯುವ ಮೊದಲು ಇದನ್ನು ಗಮನಿಸಬೇಕು.

ಪೂರ್ಣ ಪಾಠಕ್ಕೆ ದುಡ್ಡು ಕೇಳಿದರೆ ಗಾಬರಿ ಬೇಡ. ಪಬ್‌ಮೆಡ್ ಪುಟದ ಬಲಗಡೆ ಪಿಎಂಸಿ (ಪಬ್‌ಮೆಡ್ ಸೆಂಟ್ರಲ್) ಕೊಂಡಿ ಇದೆಯೇ ನೋಡಿ. ಅಮೆರಿಕ ಸರ್ಕಾರದ ಹಣದಿಂದ ನಡೆದ ಸಂಶೋಧನೆಯ ಹಸ್ತಪ್ರತಿಗಳು ಅಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನ ಸಂಶೋಧನಾ ಲೇಖನಗಳು ಪ್ರಕಟವಾಗಿ 6 ತಿಂಗಳಾದ ಮೇಲೆ, ಉಚಿತ ನೋಂದಣಿ ಮಾಡಿಕೊಂಡವರಿಗೆ ತೆರೆಯುತ್ತವೆ. ಪೂರಕ ಕಡತವನ್ನೂ ಇಳಿಸಿಕೊಳ್ಳಿ. ಚಿಕಿತ್ಸೆ ಯಾರಿಗೆ ಸಿಗಲಿಲ್ಲ, ಏಕೆ ಸಿಗಲಿಲ್ಲ ಎಂಬುದರ ವಿವರ ಎಷ್ಟೋ ಸಲ ಅಲ್ಲೇ ಇರುತ್ತದೆ.

ಒಂದು ಮೋಸಹೋಗುವ ಜಾಗ: ಅಮೆರಿಕನ್ ಸೊಸೈಟಿ ಆಫ್ ಹೆಮಟಾಲಜಿಯ ಡಿಸೆಂಬರ್ ಸಮ್ಮೇಳನದ ಸಾರಾಂಶಗಳು ಬ್ಲಡ್ ಪತ್ರಿಕೆಯ ಪುರವಣಿಯಲ್ಲಿ ಅಚ್ಚಾಗುತ್ತವೆ. ಉಲ್ಲೇಖ ನೋಡಿದರೆ ಬ್ಲಡ್‌ನ ಪೇಪರಿನಂತೆಯೇ ಕಾಣುತ್ತದೆ, ಒಳಗಿರುವುದು ಮಾತ್ರ ಒಂದು ಪುಟದ ಮಧ್ಯಂತರ ಲೆಕ್ಕ. ಅದನ್ನು ಪೂರ್ಣ ಪೇಪರ್ ಎಂದು ಉಲ್ಲೇಖಿಸಬೇಡಿ.

ಪೇಪರ್ ಎಣಿಸಬೇಡಿ, ರೋಗಿಗಳನ್ನು ಎಣಿಸಿ

ಒಂದು ಹಾಳೆ ತೆಗೆದುಕೊಂಡು ಆರು ಅಂಕಣ ಗೀರಿ: ವರ್ಷ, ಕಾಯಿಲೆ, ಸೇರಿಸಿಕೊಂಡವರು, ಕೋಶ ಪಡೆದವರು, ಎಷ್ಟು ತಿಂಗಳು ಗಮನಿಸಿದ್ದಾರೆ, ನೋಂದಣಿ ಸಂಖ್ಯೆ. ಕೊನೆಯ ಅಂಕಣವೇ ಮುಖ್ಯ. ಅಮೆರಿಕದ ನೋಂದಣಿ ಎನ್‌ಸಿಟಿ ಅಕ್ಷರಗಳೂ 8 ಅಂಕಿಗಳೂ ಸೇರಿ ಆಗುತ್ತದೆ, ನಮ್ಮದು ಸಿಟಿಆರ್‌ಐ ಎಂದು ಶುರುವಾಗಿ ವರ್ಷ, ತಿಂಗಳು, ಸಂಖ್ಯೆ ಹೊಂದಿರುತ್ತದೆ. ಎರಡು ಪೇಪರಿಗೆ ಒಂದೇ ಸಂಖ್ಯೆ ಇದ್ದರೆ ರೋಗಿಗಳೂ ಅವರೇ ಇರಬಹುದು.

ಈ ಹಾಳೆ ಏಕೆ ಬೇಕು ಎಂಬುದು 2011ರ ಆಗಸ್ಟ್‌ನಲ್ಲೇ ಗೊತ್ತಾಗುತ್ತದೆ. ಆ ತಿಂಗಳು ಪೆನ್ಸಿಲ್ವೇನಿಯಾ ತಂಡದ ಎರಡು ಪೇಪರ್ ಬಂದವು. ನ್ಯೂ ಇಂಗ್ಲೆಂಡ್ ಜರ್ನಲ್‌ನಲ್ಲಿ ಕ್ರಾನಿಕ್ ಲಿಂಫಾಯಿಡ್ ಲ್ಯುಕೇಮಿಯಾದ ಒಬ್ಬ ರೋಗಿ, ಸೈನ್ಸ್ ಟ್ರಾನ್ಸ್‌ಲೇಶನಲ್ ಮೆಡಿಸಿನ್‌ನಲ್ಲಿ ಮೂವರು. ಕೂಡಿಸಿದರೆ ನಾಲ್ವರಲ್ಲ, ಮೂವರೇ. ಒಬ್ಬರು ಎರಡರಲ್ಲೂ ಇದ್ದಾರೆ. ಹತ್ತು ವರ್ಷ ದಾಟಿದ ರೆಮಿಶನ್ (ಕಾಯಿಲೆ ಅಳತೆಗೆ ಸಿಗದಷ್ಟು ತಗ್ಗಿದ ಸ್ಥಿತಿ) ಬಗ್ಗೆ 2022ರಲ್ಲಿ ನೇಚರ್‌ನಲ್ಲಿ ಬಂದ ಪೇಪರಿನ ಇಬ್ಬರು ಕೂಡ ಇದೇ ಮೂವರಲ್ಲಿ ಸೇರಿದವರು. ಮೂರು ಪ್ರಸಿದ್ಧ ಪೇಪರ್, ಮೂವರೇ ಮನುಷ್ಯರು.

ಆ ಮೂವರಲ್ಲಿ ಇಬ್ಬರಿಗೆ ಪೂರ್ಣ, ಒಬ್ಬರಿಗೆ ಭಾಗಶಃ ಫಲ ಸಿಕ್ಕಿತ್ತು, ಅಂದರೆ ಮೂವರಿಗೆ ಮೂವರೂ. 2015ರಲ್ಲಿ ಅದೇ ಕಾಯಿಲೆಯ 14 ಜನರ ಲೆಕ್ಕ ಬಂದಾಗ ಫಲ ಕಂಡವರು 8, ಅದರಲ್ಲಿ ಪೂರ್ಣ ರೆಮಿಶನ್ 4. ಯಾರೂ ಸುಳ್ಳು ಹೇಳಿರಲಿಲ್ಲ. ಸಣ್ಣ ಸಂಖ್ಯೆಯಲ್ಲಿ ಮೊದಲು ಕಂಡದ್ದು ಜನ ಹೆಚ್ಚಿದಂತೆ ತಗ್ಗುವುದು ಈ ಕ್ಷೇತ್ರದಲ್ಲಿ ಮಾಮೂಲು. ಆದ್ದರಿಂದ ಮೊದಲ ಪೇಪರ್ ಓದಿದವರು ಅದೇ ಪ್ರಯೋಗದ ಕೊನೆಯ ಪೇಪರನ್ನು ಓದದೆ ನಿಲ್ಲಿಸಬಾರದು.

ಒಂದು ಪೇಪರನ್ನು ಬಿಡಿಸಿ ನೋಡೋಣ

2018ರ ಎಲಿಯಾನಾ ಪ್ರಯೋಗ ತೆಗೆದುಕೊಳ್ಳಿ. ನೋಂದಣಿ ಎನ್‌ಸಿಟಿ02435849. ಮರುಕಳಿಸಿದ ಅಥವಾ ಚಿಕಿತ್ಸೆಗೆ ಬಗ್ಗದ ಬಿ ಕೋಶದ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಇದ್ದ ಮಕ್ಕಳು ಮತ್ತು ಎಳೆಯರು, 11 ದೇಶಗಳ 25 ಕೇಂದ್ರಗಳು. ಔಷಧ ಟಿಸಾಜೆನ್‌ಲೆಕ್‌ಲ್ಯೂಸೆಲ್, ಮಾರಾಟದ ಹೆಸರು ಕಿಮ್ರಿಯಾ, ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ ಒಪ್ಪಿಗೆ 2017ರ ಆಗಸ್ಟ್ 30ರಂದು.

ಸಾರಾಂಶದಲ್ಲಿ ಎದ್ದು ಕಾಣುವ ಅಂಕಿ 81%. ಅದನ್ನು ಬಿಟ್ಟು ಮೊದಲು ರೋಗಿಗಳ ಹರಿವಿನ ಚಿತ್ರಕ್ಕೆ ಹೋಗಿ. ಸೇರಿದವರು 92, ಕೋಶ ಪಡೆದವರು 75. ನಡುವೆ 17 ಮಂದಿ ಉಳಿದುಹೋದರು: 7 ಜನರಿಗೆ ಕೋಶ ತಯಾರಿಕೆಯಲ್ಲೇ ತೊಂದರೆ, 7 ಜನ ಕಾಯುವಾಗಲೇ ತೀರಿಕೊಂಡರು, 3 ಜನರಿಗೆ ಬೇರೆ ತೊಡಕು. ಫಲ ಸಿಕ್ಕವರು 61. ಛೇದದಲ್ಲಿ 75 ಇಟ್ಟರೆ 81%, 92 ಇಟ್ಟರೆ 66%. ಎರಡೂ ಸರಿ, ಆದರೆ ಬೇರೆ ಬೇರೆ ಪ್ರಶ್ನೆಗಳ ಉತ್ತರ. ಕೋಶಗಳು ತಯಾರಾಗಿ ಆಸ್ಪತ್ರೆಗೆ ಬಂದಿವೆ ಎಂದಾದರೆ ಮೊದಲನೆಯದು ನಿಮಗೆ ಅನ್ವಯಿಸುತ್ತದೆ. ಈಗಷ್ಟೇ ನಿರ್ಧಾರ ಮಾಡುತ್ತಿದ್ದೀರಿ ಎಂದಾದರೆ ಎರಡನೆಯದು. ಸೇರಿದ ದಿನದಿಂದ ಕೋಶ ಏರಿಸುವವರೆಗೆ ಈ ಪ್ರಯೋಗದಲ್ಲಿ ಮಧ್ಯಾಂಕ 45 ದಿನ, ಅಂದರೆ ಅರ್ಧ ಜನರಿಗೆ ಇದಕ್ಕಿಂತ ಕಡಿಮೆ, ಅರ್ಧ ಜನರಿಗೆ ಹೆಚ್ಚು. ಆ ದಿನಗಳಲ್ಲಿ ಕಾಯಿಲೆ ಸುಮ್ಮನಿರುವುದಿಲ್ಲ, ಛೇದದಲ್ಲಿನ ವ್ಯತ್ಯಾಸದ ಹಿಂದಿರುವುದು ಅದೇ.

ನಂತರ ಆ 61ನ್ನು ಒಡೆಯಿರಿ. ಪೂರ್ಣ ರೆಮಿಶನ್ 45, ರಕ್ತಕಣಗಳ ಸಂಖ್ಯೆ ಇನ್ನೂ ಪೂರ್ತಿ ಚೇತರಿಸಿಕೊಳ್ಳದ ರೆಮಿಶನ್ 16. ಫಲ ಕಂಡ ಎಲ್ಲರಲ್ಲೂ ಎಂಆರ್‌ಡಿ ನೆಗೆಟಿವ್, ಅಂದರೆ ಮಜ್ಜೆಯ ಹತ್ತು ಸಾವಿರ ಕೋಶಗಳಲ್ಲಿ ಒಂದಕ್ಕಿಂತ ಕಡಿಮೆ ಕ್ಯಾನ್ಸರ್ ಕೋಶ. ಇದು ಗಟ್ಟಿ ಫಲ. ಆದರೆ ರೆಮಿಶನ್ ಎಂದರೆ ಗುಣವಾಯಿತು ಎಂದಲ್ಲ, ಅಳತೆಗೆ ಸಿಗದಷ್ಟು ತಗ್ಗಿದೆ ಎಂದು ಮಾತ್ರ.

ಇದನ್ನು ಬದುಕುಳಿಯುವಿಕೆಯ ರೇಖೆ ಸ್ಪಷ್ಟಪಡಿಸುತ್ತದೆ. ತೊಂದರೆ ಮರಳದೆ ಇದ್ದವರ ಅಂದಾಜು 6 ತಿಂಗಳಿಗೆ 73%, 12 ತಿಂಗಳಿಗೆ 50%. ಜೀವಂತ ಇದ್ದವರ ಅಂದಾಜು 6 ತಿಂಗಳಿಗೆ 90%, 12 ತಿಂಗಳಿಗೆ 76%. ಇವು ಕೂಡ ಕೋಶ ಪಡೆದ 75 ಜನರ ಲೆಕ್ಕವೇ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಆ ರೇಖೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಸಂಖ್ಯೆಗಳಿರುತ್ತವೆ: ಆ ತಿಂಗಳಿಗೆ ಇನ್ನೂ ಗಮನದಲ್ಲಿ ಉಳಿದವರೆಷ್ಟು ಎಂಬುದು. ಬಲಗಡೆ ಹೋದಂತೆ ಅದು ಕುಸಿಯುತ್ತದೆ. ಬೆರಳೆಣಿಕೆಯ ಜನ ಉಳಿದ ಕಡೆ ರೇಖೆ ಅಡ್ಡಲಾಗಿ ಚಪ್ಪಟೆಯಾಗಿದ್ದರೆ ಅದನ್ನು ಶಾಶ್ವತ ಗುಣ ಎಂದು ಓದಬೇಡಿ. ರೇಖೆಯ ಮೇಲಿನ ಸಣ್ಣ ಗೀಟುಗಳು ಗಮನ ಅಲ್ಲಿಗೇ ನಿಂತವರನ್ನು ಸೂಚಿಸುತ್ತವೆ. ಹಾಗೆ ಹೊರಗಾದವರಲ್ಲಿ ಬೇರೆ ಚಿಕಿತ್ಸೆಗೆ ಹೋದವರೂ ಇದ್ದಾರೆಯೇ ಎಂದು ವಿಧಾನದ ಭಾಗದಲ್ಲಿ ಹುಡುಕಿ, ಮಜ್ಜೆ ಕಸಿ ಮಾಡಿಸಿಕೊಂಡವರನ್ನು ಹೇಗೆ ಎಣಿಸಿದ್ದಾರೆ ಎಂಬುದು ಫಲಿತಾಂಶವನ್ನೇ ಬದಲಿಸಬಲ್ಲದು.

ಒಂದನೇ ಕೋಷ್ಟಕ ಬಿಡಬೇಡಿ. ಇಲ್ಲಿ ಮಧ್ಯಾಂಕ ವಯಸ್ಸು 11, ಅತಿ ದೊಡ್ಡವರಿಗೆ 23. ನಿಮ್ಮ ರೋಗಿಗೆ 45 ಆಗಿದ್ದರೆ ಈ ಪೇಪರಿನ ಶೇಕಡಾ ಅವರದಲ್ಲ. ಅದೇ ಔಷಧ ಬೇರೆ ಕಾಯಿಲೆಯಲ್ಲಿ ಬೇರೆ ನಡೆಯುತ್ತದೆ ಎಂಬುದಕ್ಕೆ ಬೆಲಿಂಡಾ ಪ್ರಯೋಗ ಸಾಕ್ಷಿ. ವಯಸ್ಕರ ಆಕ್ರಮಣಕಾರಿ ಬಿ ಕೋಶದ ಲಿಂಫೋಮಾದಲ್ಲಿ 322 ಜನರನ್ನು ಎರಡು ಗುಂಪು ಮಾಡಿ ಟಿಸಾಜೆನ್‌ಲೆಕ್‌ಲ್ಯೂಸೆಲ್ ಅನ್ನು ಎರಡನೇ ಹಂತದ ರೂಢಿಯ ಚಿಕಿತ್ಸೆಗೆ ಹೋಲಿಸಿದಾಗ, ತೊಂದರೆ ಮರಳದೆ ಉಳಿದ ಅವಧಿಯ ಮಧ್ಯಾಂಕ ಎರಡೂ ಕಡೆ 3 ತಿಂಗಳು. ಎಲಿಯಾನಾದಲ್ಲಿ ಹೋಲಿಕೆಯ ಗುಂಪೇ ಇರಲಿಲ್ಲ ಎಂಬುದನ್ನು ಜೊತೆಗೇ ನೆನಪಿಡಿ.

ಅಡ್ಡಪರಿಣಾಮದ ಗ್ರೇಡ್ ಓದುವಾಗ

ಎಲಿಯಾನಾದಲ್ಲಿ 77% ಜನರಿಗೆ ಸೈಟೋಕೈನ್ ರಿಲೀಸ್ ಸಿಂಡ್ರೋಮ್ (ರೋಗನಿರೋಧಕ ಕೋಶಗಳು ಒಮ್ಮೆಲೇ ಬಿಡುವ ಉರಿಯೂತದ ಸಂಕೇತಗಳಿಂದ ಆಗುವ ತೊಂದರೆ) ಬಂತು: ಜ್ವರ, ಬಿಪಿ ಇಳಿಯುವುದು, ಆಮ್ಲಜನಕ ತಗ್ಗುವುದು. ಅವರಲ್ಲಿ 48% ಜನರಿಗೆ ಟೊಸಿಲಿಜುಮಾಬ್ ಕೊಟ್ಟರು. ಇದು ಮೂಲತಃ ಸಂಧಿವಾತಕ್ಕೆ ಬಳಸುವ, ಐಎಲ್-6 ಸಂಕೇತ ತಡೆಯುವ ಮದ್ದು. ನರಸಂಬಂಧಿ ತೊಂದರೆ 40%.

ಬೇರೆ ಬೇರೆ ಪೇಪರಿನ "ಗ್ರೇಡ್ 3" (ತೀವ್ರತೆಯ ಮಟ್ಟ) ಅನ್ನು ಪಕ್ಕಪಕ್ಕ ಇಡುವ ಮೊದಲು ಅಳತೆಗೋಲು ಯಾವುದು ಎಂದು ನೋಡಿ. ಎಲಿಯಾನಾ ಬಳಸಿದ್ದು ಪೆನ್ಸಿಲ್ವೇನಿಯಾ ತಂಡದ ಪೆನ್ ಸ್ಕೇಲ್. ಬಿಪಿ ಇಳಿದು ಡ್ರಿಪ್ ಕೊಡಬೇಕಾದ ರೋಗಿ ಪೆನ್ ಸ್ಕೇಲ್‌ನಲ್ಲಿ ಗ್ರೇಡ್ 3, ಲೀ ಅವರ ಸ್ಕೇಲ್‌ನಲ್ಲಿ ಗ್ರೇಡ್ 2. ಹಾಸಿಗೆಯಲ್ಲಿರುವ ಮನುಷ್ಯ ಅವನೇ, ಕೋಷ್ಟಕದ ಸಾಲು ಮಾತ್ರ ಬೇರೆ. 2019ರಲ್ಲಿ ಕಸಿ ಮತ್ತು ಕೋಶ ಚಿಕಿತ್ಸೆಯ ಅಮೆರಿಕನ್ ಸಂಘ ಎಎಸ್‌ಟಿಸಿಟಿ ಒಮ್ಮತದ ಅಳತೆ ಪ್ರಕಟಿಸಿದ ಮೇಲೆ ಗೊಂದಲ ಕಡಿಮೆಯಾಗಿದೆ, ಹಳೆಯ ಪೇಪರ್‌ಗಳಲ್ಲಿ ಉಳಿದೇ ಇದೆ. ಈ ಒಂದು ಕಾರಣದಿಂದ ಒಂದು ಕಂಪನಿಯ ಔಷಧ ಇನ್ನೊಂದಕ್ಕಿಂತ ಅಪಾಯ ಎಂದು ತಪ್ಪಾಗಿ ಹೇಳಿದ ಬರಹಗಳು ಸಾಕಷ್ಟಿವೆ.

ತಡವಾಗಿ ಬರುವ ತೊಂದರೆ ಮೊದಲ ಪೇಪರಿನಲ್ಲಿ ಇರಲು ಸಾಧ್ಯವೇ ಇಲ್ಲ. ಚಿಕಿತ್ಸೆ ಪಡೆದ ಕೆಲವರಲ್ಲಿ ಟಿ ಕೋಶದ ಕ್ಯಾನ್ಸರ್ ಕಂಡುಬಂದ ವರದಿಗಳನ್ನು ಪರಿಶೀಲಿಸುತ್ತಿರುವುದಾಗಿ ಎಫ್‌ಡಿಎ ಹೇಳಿದ್ದು 2023ರ ನವೆಂಬರ್‌ನಲ್ಲಿ, ಮೊದಲ ಒಪ್ಪಿಗೆಯಾಗಿ ಆರು ವರ್ಷದ ಮೇಲೆ. 2024ರ ಜನವರಿಯಲ್ಲಿ ಲೇಬಲ್ಲಿನಲ್ಲಿ ಎಚ್ಚರಿಕೆ ಸೇರಿಸಲು ಸೂಚಿಸಿತು. ಹಾಗಾಗಿ ಪೇಪರಿನ ಜೊತೆ ಔಷಧದ ಇತ್ತೀಚಿನ ಲೇಬಲ್ ಕೂಡ ಓದಿ.

ಕೆಲಸ ಮಾಡದಿದ್ದಾಗ ಏನಾಗಿತ್ತು

ಒಬ್ಬ ಸಂಶೋಧಕನ ಕೆಲಸದಲ್ಲಿ ನಮಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ಸೋಲನ್ನು ಬಿಡಿಸಿ ಹೇಳುವ ಪೇಪರ್‌ಗಳು. ಅವು ಸುದ್ದಿಯಾಗುವುದಿಲ್ಲ, ಹುಡುಕಿ ಓದಬೇಕು. ಹುಡುಕಲು ಲೇಖಕರ ಹೆಸರಿನ ಜೊತೆಗೆ ಇಂಗ್ಲಿಷಿನಲ್ಲಿ ರಿಲ್ಯಾಪ್ಸ್ ಅಥವಾ ರೆಸಿಸ್ಟೆನ್ಸ್ ಎಂಬ ಪದ ಸೇರಿಸಿ.

2013ರಲ್ಲಿ ಬಂದ ಇಬ್ಬರು ಮಕ್ಕಳ ಪೇಪರಿನಲ್ಲಿ ಒಬ್ಬರಿಗೆ ಕಾಯಿಲೆ ಮರಳಿತು. ಮರಳಿದ ಕ್ಯಾನ್ಸರ್ ಕೋಶಗಳ ಮೇಲೆ ಸಿಡಿ19 ಕಾಣುತ್ತಲೇ ಇರಲಿಲ್ಲ. ಗುರುತೇ ಮಾಯವಾದರೆ ಕಾರ್-ಟಿ ಕೋಶಕ್ಕೆ ಹಿಡಿಯಲು ಏನೂ ಇಲ್ಲ. ಇನ್ನೊಂದು ಬಗೆಯ ಮರುಕಳಿಕೆಯಲ್ಲಿ ಸಿಡಿ19 ಇರುತ್ತದೆ, ಕಾರ್-ಟಿ ಕೋಶಗಳೇ ಬೇಗ ಕರಗಿಹೋಗಿರುತ್ತವೆ. ಎರಡನ್ನು ಬೇರೆ ಮಾಡಲು ಪೇಪರಿನಲ್ಲಿ ಬಿ ಕೋಶಗಳ ಸಂಖ್ಯೆ ನೋಡಿ. ರಕ್ತದಲ್ಲಿ ಆರೋಗ್ಯವಂತ ಬಿ ಕೋಶ ಇಲ್ಲದಿರುವುದು ಕಾರ್-ಟಿ ಇನ್ನೂ ಕೆಲಸದಲ್ಲಿದೆ ಎಂಬುದರ ಕುರುಹು. ಅವು ಬೇಗ ಮರಳಿದರೆ ಕಾವಲು ಸಡಿಲವಾಗಿದೆ ಎಂದರ್ಥ. ಪ್ರತಿಕಾಯಗಳ ಮೂಲವಾದ ಬಿ ಕೋಶವೇ ಇಲ್ಲದವರಿಗೆ ಇಮ್ಯುನೊಗ್ಲೊಬುಲಿನ್, ಅಂದರೆ ಸಿದ್ಧ ಪ್ರತಿಕಾಯ, ಹೊರಗಿನಿಂದ ಕೊಡಬೇಕಾಗುತ್ತದೆ.

2018ರಲ್ಲಿ ನೇಚರ್ ಮೆಡಿಸಿನ್‌ನಲ್ಲಿ ಬಂದ ಇನ್ನೊಂದು ಪೇಪರ್ ತಯಾರಿಕೆಯ ಹಂತಕ್ಕೇ ಬೆಳಕು ಬಿಡುತ್ತದೆ. ಟಿ ಕೋಶಗಳ ಜೊತೆ ಉಳಿದುಬಂದಿದ್ದ ಒಂದೇ ಒಂದು ಲ್ಯುಕೇಮಿಯಾ ಕೋಶಕ್ಕೂ ಆ ಜೀನ್ ಸೇರಿಬಿಟ್ಟಿತ್ತು. ಅದರ ಮೈಮೇಲೆ ಮೂಡಿದ ಗ್ರಾಹಕ ತನ್ನದೇ ಸಿಡಿ19ಗೆ ಅಂಟಿಕೊಂಡು ಗುರುತನ್ನು ಮುಚ್ಚಿತು. ಆ ಒಂದು ಕೋಶ ಬೆಳೆದು ಕಾಯಿಲೆ ಮರಳಿತು. ವಿಧಾನದ ಭಾಗದಲ್ಲಿ ತಯಾರಿಕೆಯ ಶುದ್ಧತೆ ಬಗ್ಗೆ ಬರೆದ ಒಣ ಸಾಲುಗಳನ್ನು ಏಕೆ ಓದಬೇಕು ಎಂದರೆ ಇದಕ್ಕೆ.

ಲೂಪಸ್ ಪೇಪರ್‌ಗಳಿಗೆ ಬೇರೆ ಕಣ್ಣು ಬೇಕು

ಎರ್ಲಾಂಗೆನ್‌ನ ಆಂಡ್ರಿಯಾಸ್ ಮಾಕೆನ್ಸೆನ್, ಗೆಯೋರ್ಗ್ ಶೆಟ್ ಮತ್ತು ಸಂಗಡಿಗರ ಸರಣಿ ಹೀಗಿದೆ: 2021ರಲ್ಲಿ ಒಬ್ಬ ರೋಗಿ, 2022ರಲ್ಲಿ 5, 2024ರಲ್ಲಿ 15. ಕೊನೆಯ 15ರಲ್ಲಿ 8 ಲೂಪಸ್, 3 ಸ್ನಾಯು ಉರಿಯೂತ, 4 ಸಿಸ್ಟೆಮಿಕ್ ಸ್ಕ್ಲಿರೋಸಿಸ್. ಪ್ರಮಾಣ ದೇಹದ ತೂಕದ ಪ್ರತಿ ಕಿಲೋಗೆ 10 ಲಕ್ಷ ಕಾರ್-ಟಿ ಕೋಶ.

ಇಲ್ಲಿ ಮಜ್ಜೆಯ ರೆಮಿಶನ್ ಇಲ್ಲ, ಅಂಕಪಟ್ಟಿಗಳಿವೆ. ಲೂಪಸ್‌ಗೆ ಡೋರಿಸ್ ಎಂಬ ರೆಮಿಶನ್ ಮಾನದಂಡ, ಉಳಿದ ಎರಡಕ್ಕೆ ಬೇರೆ ಬೇರೆ. ಲೂಪಸ್‌ನ 8 ಮಂದಿಯೂ ಡೋರಿಸ್ ಮುಟ್ಟಿದರು, 15 ಜನರೂ ರೋಗನಿರೋಧಕ ತಗ್ಗಿಸುವ ಮದ್ದು ನಿಲ್ಲಿಸಿದರು. ಬಿ ಕೋಶಗಳು ಸರಾಸರಿ 112 ದಿನ ಇಲ್ಲವಾಗಿದ್ದು ಮರಳಿದವು, ಕಾಯಿಲೆ ಮಾತ್ರ ಮರಳಲಿಲ್ಲ. ಲ್ಯುಕೇಮಿಯಾದಲ್ಲಿ ಬಿ ಕೋಶ ಮರಳುವುದು ಎಚ್ಚರಿಕೆಯ ಗಂಟೆ ಎಂದೆವಲ್ಲ, ಲೂಪಸ್‌ನಲ್ಲಿ ಅದೇ ಬಯಸುವ ಸಂಗತಿ: ಹಳೆಯ ವಂಶ ಹೋಗಿ ಇನ್ನೂ ಏನನ್ನೂ ಎದುರಿಸದ ಹೊಸ ಬಿ ಕೋಶಗಳು ಬರುತ್ತವೆ. ಲ್ಯುಕೇಮಿಯಾ ಪೇಪರಿನ ಅರ್ಥವನ್ನು ಇಲ್ಲಿಗೆ ಎಳೆದು ತಂದರೆ ತಲೆಕೆಳಗಾಗುತ್ತದೆ.

ಸೈಟೋಕೈನ್ ತೊಂದರೆ 10 ಜನರಲ್ಲಿ ಗ್ರೇಡ್ 1, ಒಬ್ಬರಲ್ಲಿ ಗ್ರೇಡ್ 2. ಒಬ್ಬರಿಗೆ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಬೇಕಾಯಿತು. ಗಮನಿಸಿದ ಅವಧಿಯ ಮಧ್ಯಾಂಕ 15 ತಿಂಗಳು, ಕೆಲವರಿಗೆ ಬರೀ 4.

15ಕ್ಕೆ 15 ಎಂದಾಗ ಒಂದು ಸರಳ ಲೆಕ್ಕ ಹಾಕಿ. ಒಮ್ಮೆಯೂ ಕಾಣದ ಸೋಲಿನ ಪ್ರಮಾಣ ಹೆಚ್ಚೆಂದರೆ ಎಷ್ಟಿರಬಹುದು ಎಂಬುದಕ್ಕೆ 3ನ್ನು ಜನರ ಸಂಖ್ಯೆಯಿಂದ ಭಾಗಿಸಿ. 3 ಭಾಗಿಸು 15, ಅಂದರೆ ಸುಮಾರು 20%. ಐವರಲ್ಲಿ ಒಬ್ಬರಿಗೆ ಫಲಿಸದಿದ್ದರೂ ಈ 15ರ ಫಲಿತಾಂಶ ಹೀಗೇ ಬಂದಿರಬಹುದಿತ್ತು. ಈ ಕೆಲಸ ಮಹತ್ವದ್ದು ಎಂದು ನಾವು ನಂಬುತ್ತೇವೆ, ಅದಕ್ಕೆಂದೇ ಅದರ ಅಳತೆ ಮೀರಿ ಹೇಳಬಾರದು.

ಇಲ್ಲಿನ ಔಷಧಗಳ ವಿಷಯ ಬಂದಾಗ

ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ಅಭಿವೃದ್ಧಿಪಡಿಸಿದ ನೆಕ್ಸ್‌ಕಾರ್19ಗೆ 2023ರ ಅಕ್ಟೋಬರ್‌ನಲ್ಲಿ ಭಾರತದ ಔಷಧ ನಿಯಂತ್ರಕ ಸಿಡಿಎಸ್‌ಸಿಒ ಒಪ್ಪಿಗೆ ಸಿಕ್ಕಿತು. ಲ್ಯಾನ್ಸೆಟ್ ಹೆಮಟಾಲಜಿಯಲ್ಲಿ 2025ರಲ್ಲಿ ಬಂದ ಪೇಪರಿನಲ್ಲಿ ಫಲ ಕಂಡವರು 73%. ಇಲ್ಲೂ ಅದೇ ಅಭ್ಯಾಸ: ಪ್ರಯೋಗಕ್ಕೆ ಸೇರಿದವರು 64, ಈ ಶೇಕಡಾದ ಛೇದ 51. ಬೆಂಗಳೂರಿನ ಇಮ್ಯುನೀಲ್ 2025ರ ಜನವರಿಯಲ್ಲಿ ಬಿಡುಗಡೆ ಮಾಡಿದ ಕಾರ್ಟೆಮಿ ವಯಸ್ಕರ ಬಿ ಕೋಶದ ನಾನ್-ಹಾಡ್ಕಿನ್ ಲಿಂಫೋಮಾಗೆ, ಅದರ ಮೂಲ ವಿನ್ಯಾಸ ಬಾರ್ಸಿಲೋನಾದ ಹಾಸ್ಪಿಟಲ್ ಕ್ಲಿನಿಕ್‌ನದು. ಆದ್ದರಿಂದ ಇದರ ಬಗ್ಗೆ ತಿಳಿಯಲು ಪೆನ್ಸಿಲ್ವೇನಿಯಾದ ಪೇಪರ್ ಓದಿದರೆ ಸಾಲದು, ಎಆರ್‌ಐ-0001 ಎಂಬ ಹೆಸರಿನಲ್ಲಿ ಸ್ಪೇನಿನ ಪೇಪರ್ ಹುಡುಕಬೇಕು. ಎಲಿಯಾನಾದ 81% ಈ ಎರಡಕ್ಕೂ ಹೊಂದುವುದಿಲ್ಲ: ಕೋಶದ ವಿನ್ಯಾಸ ಬೇರೆ, ವಯಸ್ಸು ಬೇರೆ, ಕಾಯಿಲೆಯೂ ಬೇರೆ ಇರಬಹುದು.

ವೈದ್ಯರ ಹತ್ತಿರ ಹೋಗುವಾಗ ಇಡೀ ಪೇಪರಿನ ಪ್ರಿಂಟ್ ಒಯ್ಯಬೇಡಿ, ಸಮಯ ಸಾಲದು. ಒಂದನೇ ಕೋಷ್ಟಕ ಮತ್ತು ರೋಗಿಗಳ ಹರಿವಿನ ಚಿತ್ರ ಇರುವ ಎರಡು ಪುಟ ಸಾಕು. ಇಷ್ಟು ಕೇಳಿ: ಈ ಕೋಷ್ಟಕದಲ್ಲಿ ನಮ್ಮ ರೋಗಿ ಯಾವ ಸಾಲಿಗೆ ಬರುತ್ತಾರೆ? ಕೋಶ ತೆಗೆದ ದಿನದಿಂದ ಏರಿಸುವವರೆಗೆ ನಿಮ್ಮಲ್ಲಿ ಎಷ್ಟು ದಿನ ಹಿಡಿಯುತ್ತದೆ, ಆ ನಡುವೆ ಕಾಯಿಲೆ ತಡೆಯಲು ಏನು ಕೊಡುತ್ತೀರಿ? ಕೋಶ ತಯಾರಾಗದಿದ್ದರೆ ಮುಂದೇನು? ಟೊಸಿಲಿಜುಮಾಬ್ ಮತ್ತು ಐಸಿಯು ಹಾಸಿಗೆ ಮೊದಲೇ ಕಾದಿರಿಸಿರುತ್ತದೆಯೇ?

ಕೊನೆಯದಾಗಿ, ಪೇಪರನ್ನು ಎಲ್ಲಾದರೂ ಉಲ್ಲೇಖಿಸುವ ದಿನ ಪಬ್‌ಮೆಡ್ ಪುಟವನ್ನು ಮತ್ತೊಮ್ಮೆ ತೆರೆಯಿರಿ. ತಿದ್ದುಪಡಿ ಬಂದಿದ್ದರೆ, ಪೇಪರ್ ಹಿಂತೆಗೆದಿದ್ದರೆ ಶೀರ್ಷಿಕೆಯ ಆಸುಪಾಸಿನಲ್ಲಿ ಸೂಚನೆ ಇರುತ್ತದೆ. ಹಿತಾಸಕ್ತಿ ಘೋಷಣೆಯನ್ನೂ ಓದಿ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ 2012ರಲ್ಲಿ ನೊವಾರ್ಟಿಸ್ ಜೊತೆ ಒಪ್ಪಂದ ಮಾಡಿಕೊಂಡಿತು, ಎಲಿಯಾನಾಗೆ ಹಣ ಹಾಕಿದ್ದು ಅದೇ ಕಂಪನಿ. ಇದರಿಂದ ಅಂಕಿ ಸುಳ್ಳಾಗುವುದಿಲ್ಲ. ಆದರೆ ಸಾರಾಂಶದಲ್ಲಿ ಎದ್ದು ಕಾಣುವುದು 75ರ ಛೇದವೋ 92ರ ಛೇದವೋ ಎಂಬುದನ್ನು ಪ್ರತಿ ಪೇಪರಿನಲ್ಲೂ ನೀವೇ ನೋಡಿಕೊಳ್ಳಬೇಕು.